ಬಾದಾಮಿಯ ಕೆಂಪು ಬಂಡೆಯಲ್ಲಿ ಮೊದಲ ಎರಡು ದಿನ: ಶಿಲಾರೋಹಣ ಕಲಿಯುವವರಿಗೆ ಸಮಗ್ರ ಮಾರ್ಗದರ್ಶಿ

ಚಳಿಗಾಲ ಬಂತೆಂದರೆ ಬಾದಾಮಿಯ ಬಂಡೆಗಳ ಮೇಲೆ ಬಣ್ಣಬಣ್ಣದ ಹಗ್ಗಗಳು ಇಳಿಬೀಳುತ್ತವೆ. ಬೆಂಗಳೂರು, ಪುಣೆಗಳಿಂದಲೂ ಹೊರದೇಶಗಳಿಂದಲೂ ಆರೋಹಿಗಳು ಬಂದು ದಿನಗಟ್ಟಲೆ ತಂಗುತ್ತಾರೆ. ಇಲ್ಲಿನ ‘ಗಣೇಶ’ ಎಂಬ ಮಾರ್ಗಕ್ಕೆ, ಅಂಕಿ ಏರಿದಷ್ಟೂ ಕಷ್ಟ ಹೆಚ್ಚೆಂದು ಸೂಚಿಸುವ ಫ್ರೆಂಚ್ ಶ್ರೇಣಿಯಲ್ಲಿ, 8ಬಿ+ ದರ್ಜೆಯಿದೆ. ದೇಶದ ಕಠಿಣ ಮಾರ್ಗಗಳಲ್ಲಿ ಅದರ ಹೆಸರು ದೊಡ್ಡದು. ಆದರೆ ಬಾಗಲಕೋಟೆ, ಇಳಕಲ್, ಜಮಖಂಡಿ, ಗೋಕಾಕ, ಮುದ್ದೇಬಿಹಾಳಗಳ ನಮ್ಮ ಹುಡುಗ ಹುಡುಗಿಯರು ಶಾಲೆಯ ಪ್ರವಾಸಕ್ಕೆ ಬಂದಾಗ ಈ ಬಂಡೆಗಳನ್ನು ಕತ್ತೆತ್ತಿ ನೋಡಿರುತ್ತಾರೆಯೇ ಹೊರತು ಮುಟ್ಟಿ ಏರಿದವರು ಕಡಿಮೆ. ಮನೆಯಿಂದ ಕೆಲವೇ ತಾಸಿನ ದಾರಿಯಲ್ಲಿರುವ ಈ ವಿದ್ಯೆ ಅವರಿಗೂ ಸಿಗಬೇಕು ಎಂಬುದು ನನ್ನ ಆಸೆ. ಶನಿವಾರ, ಭಾನುವಾರ ಎರಡೇ ದಿನದಲ್ಲಿ, ಅನುಭವಿ ತರಬೇತುದಾರರ ಕೈಕೆಳಗೆ ಅದನ್ನು ಆರಂಭಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ಹೇಳುತ್ತೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊಸಬರೆಲ್ಲರಿಗೂ ಬಂಡೆಯ ನೆತ್ತಿ ಮುಟ್ಟುವ ಹಂಬಲ. ಅದು ಸಹಜ. ಆದರೆ ಆ ಎರಡು ದಿನಗಳ ನಿಜವಾದ ಗಳಿಕೆ ಕೆಳಗೆ ನಿಂತು ಮಾಡುವ ಕೆಲಸದಲ್ಲಿದೆ. ಇನ್ನೊಬ್ಬರು ಮೇಲಿರುವಾಗ ಅವರ ಹಗ್ಗವನ್ನು ನಂಬಿಕೆಗೆ ಅರ್ಹರಾಗಿ ಹಿಡಿಯಲು ಕಲಿತರೆ ನೀವು ಆರೋಹಿಯಾದಂತೆ. ಅದನ್ನು ಕಲಿಯದೆ ಹತ್ತು ಸಲ ಮೇಲೆ ಹೋಗಿ ಬಂದರೂ ಪ್ರವಾಸಿಗರಾಗಿಯೇ ಉಳಿಯುತ್ತೀರಿ. ಮುಂದಿನ ಎಲ್ಲ ಸಲಹೆಗಳನ್ನೂ ಈ ದೃಷ್ಟಿಯಿಂದಲೇ ಕೊಡುತ್ತಿದ್ದೇನೆ.

ತಿಂಗಳು, ದಾರಿ, ವಸತಿ

ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಕಾಲ ಉತ್ತಮ. ಮಾರ್ಚ್ ನಡುವಿನಿಂದ ಬಂಡೆ ಕಾಯುತ್ತದೆ, ಬೆವರಿದ ಬೆರಳು ಜಾರುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ. ಇದು ಮರಳುಗಲ್ಲು. ದಾಳಿಂಬೆ, ಚಿಕ್ಕುಗಳಿಗೆ ಹೆಸರಾದ ಕಲಾದಗಿಯ ಹೆಸರನ್ನೇ ಭೂವಿಜ್ಞಾನಿಗಳು ಈ ಸೀಮೆಯ ಶಿಲಾಸ್ತರಗಳಿಗೆ ಇಟ್ಟಿದ್ದಾರೆ. ಬಾದಾಮಿಯ ಕಲ್ಲು ಆ ಸ್ತರಗಳ ಮೇಲಿನ ಭಾಗಕ್ಕೆ ಸೇರಿದ್ದು. ಮರಳುಗಲ್ಲುಗಳ ಪೈಕಿ ಇದು ಗಟ್ಟಿಯೇ. ಆದರೂ ನೀರು ಕುಡಿದ ಮರಳುಗಲ್ಲಿನ ಕಣಗಳ ಹಿಡಿತ ಸಡಿಲವಾಗಿ, ಒಣಗಿದ್ದಾಗ ಮೈಭಾರ ತಡೆಯುತ್ತಿದ್ದ ಅಂಚು ಕೈಯಲ್ಲೇ ಕಿತ್ತು ಬರಬಹುದು. ಅಕಾಲದಲ್ಲಿ ಜೋರು ಮಳೆ ಬಿದ್ದರೆ ಬಂಡೆ ಪೂರ್ತಿ ಒಣಗುವವರೆಗೆ ಕಾಯಬೇಕು. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಮಳೆಯ ಮರುದಿನವೇ ಹತ್ತಿಸುತ್ತೇನೆನ್ನುವ ತರಬೇತುದಾರರಿದ್ದರೆ ಅವರಿಂದ ದೂರವಿರಿ.

ಹುಬ್ಬಳ್ಳಿ, ಗದಗ, ವಿಜಯಪುರ, ಸೊಲ್ಲಾಪುರಗಳನ್ನು ಜೋಡಿಸುವ ರೈಲು ಮಾರ್ಗ ಬಾದಾಮಿಯನ್ನು ಹಾಯ್ದು ಹೋಗುತ್ತದೆ. ನಿಲ್ದಾಣ ಊರಿನಿಂದ ಸುಮಾರು 5 ಕಿ.ಮೀ. ದೂರವಿದೆ, ಅಲ್ಲಿಂದ ಆಟೊ ಹಿಡಿಯಬೇಕು. ಬೆಳಗಾವಿ ಕಡೆಯವರಿಗೆ ಬಸ್ಸೇ ಅನುಕೂಲ. ಶುಕ್ರವಾರ ರಾತ್ರಿಯೇ ಬಂದು ಮಲಗಿ. ಶನಿವಾರ ಬೆಳಗ್ಗೆ ನಿದ್ದೆಗಣ್ಣಿನಲ್ಲಿ ಬಸ್ಸಿಳಿದು ನೇರ ಬಂಡೆಗೆ ಹೋದವರಿಗೆ ಗಂಟು ಹಾಕುವ ಪಾಠ ತಲೆಗೆ ಹತ್ತುವುದಿಲ್ಲ. ಇನ್ನೊಂದು ಎಚ್ಚರ: ಬನದ ಹುಣ್ಣಿಮೆಗೆ, ಅಂದರೆ ಪುಷ್ಯ ಮಾಸದಲ್ಲಿ, ಬನಶಂಕರಿ ಜಾತ್ರೆ ಶುರುವಾಗುತ್ತದೆ. ನಾಟಕ ಕಂಪನಿಗಳ ಡೇರೆಗಳು ಏಳುವ, ನಾಡಿನ ಮೂಲೆಮೂಲೆಯಿಂದ ಜನ ಬರುವ ಆ ದಿನಗಳಲ್ಲಿ ಲಾಡ್ಜಿನ ಕೋಣೆ ಸಿಗುವುದು ಕಷ್ಟ. ಜಾತ್ರೆ ನೋಡುವುದಾದರೆ ಅದಕ್ಕೆಂದೇ ಬನ್ನಿ, ಅದು ನೋಡಲೇಬೇಕಾದದ್ದು. ಬಂಡೆಗೆ ಬೇರೆ ವಾರ ಇಟ್ಟುಕೊಳ್ಳಿ.

ತರಬೇತುದಾರರನ್ನು ಆರಿಸುವುದು

ಇಲ್ಲಿ ಸಂಕೋಚ ಬೇಡ. ನಿಮ್ಮ ಜೀವ ಅವರು ಕಟ್ಟುವ ಹಗ್ಗಕ್ಕೆ ತೂಗುತ್ತದೆ. ಕೇಳುವ ಹಕ್ಕು ನಿಮಗಿದೆ. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆ, ಡಾರ್ಜಿಲಿಂಗ್‌ನ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಗಳಂಥ ಕಡೆ ಮೂಲ ತರಬೇತಿ, ಮುಂದುವರಿದ ತರಬೇತಿ, ಅದರಾಚೆಗೆ ಬೋಧಕರನ್ನು ಸಿದ್ಧಪಡಿಸುವ ತರಬೇತಿ ಎಂಬ ಹಂತಗಳಿವೆ. ಮೂಲ ತರಬೇತಿ ಮುಗಿಸಿದವರು ಒಳ್ಳೆಯ ಆರೋಹಿಯಾಗಿರಬಹುದು. ಕಲಿಸಲು ಅದಷ್ಟೇ ಸಾಲದು. ನಮ್ಮ ರಾಜ್ಯದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಶಿಲಾರೋಹಣ ಶಿಬಿರಗಳನ್ನು ನಡೆಸುತ್ತದೆ. ಅಲ್ಲಿ ಮೊದಲು ವಿಚಾರಿಸಿ. ಖಾಸಗಿಯವರ ಬಳಿ ಹೋಗುವುದಾದರೆ ಒಬ್ಬ ತರಬೇತುದಾರರಿಗೆ ಎಷ್ಟು ಜನ ಕಲಿಯುವವರು ಎಂದು ಕೇಳಿ. ಆರಕ್ಕಿಂತ ಹೆಚ್ಚಾದರೆ ಯಾರೋ ಒಬ್ಬರ ಗಂಟನ್ನು ಯಾರೂ ನೋಡದ ಗಳಿಗೆ ಬಂದೇ ಬರುತ್ತದೆ.

ಪ್ರಥಮ ಚಿಕಿತ್ಸೆಯ ತರಬೇತಿ ಆಗಿದೆಯೇ, ಹಗ್ಗ ಮತ್ತು ಹಾರ್ನೆಸ್ (ಸೊಂಟಕ್ಕೂ ತೊಡೆಗೂ ಬಿಗಿಯುವ ಪಟ್ಟಿಗಳ ಜೋಡಣೆ) ಕೊಂಡು ಎಷ್ಟು ವರ್ಷವಾಯಿತು ಎಂದೂ ಕೇಳಬೇಕು. ನೈಲಾನ್ ಸಲಕರಣೆಗಳಿಗೆ ಬಳಸದೆ ಇಟ್ಟರೂ 10 ವರ್ಷವೇ ಗರಿಷ್ಠ ಆಯುಸ್ಸು ಎಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ವಾರವಾರವೂ ಮರಳಿನಲ್ಲಿ ಉಜ್ಜಿಸಿಕೊಳ್ಳುವ ಹಗ್ಗಕ್ಕೆ ಅಷ್ಟು ಬಾಳಿಕೆ ಎಲ್ಲಿಂದ ಬರಬೇಕು? ಕೊನೆಯ ಪ್ರಶ್ನೆಯೇ ಮುಖ್ಯವಾದದ್ದು: ‘ಬಿಲೇ ಮಾಡುವುದನ್ನು ನಮ್ಮ ಕೈಯಿಂದಲೇ ಮಾಡಿಸುತ್ತೀರಾ?’ ಹತ್ತುವವರ ಹಗ್ಗವನ್ನು ಕೆಳಗಿನಿಂದ ಎಳೆದುಕೊಳ್ಳುತ್ತ, ಅವರು ಕೈಬಿಟ್ಟರೆ ತಡೆದು ನಿಲ್ಲಿಸುವ ಕೆಲಸಕ್ಕೆ ಬಿಲೇ ಎನ್ನುತ್ತಾರೆ. ‘ಅದೆಲ್ಲ ನಾವು ನೋಡಿಕೊಳ್ಳುತ್ತೇವೆ, ನೀವು ಆರಾಮವಾಗಿ ಹತ್ತಿ’ ಎಂಬ ಉತ್ತರ ಬಂದರೆ ಅದು ಮೋಜಿನ ಕಾರ್ಯಕ್ರಮ, ಕಲಿಕೆಯಲ್ಲ.

ಹೃದಯದ ತೊಂದರೆ, ಮೂರ್ಛೆ ರೋಗ, ಹಿಂದೆ ಕಳಚಿದ ಭುಜ, ಗರ್ಭಿಣಿಯಾಗಿರುವುದು ಇಂಥವನ್ನು ಮುಚ್ಚಿಡದೆ ಹೆಸರು ನೋಂದಾಯಿಸುವಾಗಲೇ ಹೇಳಿ.

ಏನು ತರಬೇಕು, ಏನು ಬಿಡಬೇಕು

ಹೆಲ್ಮೆಟ್, ಹಾರ್ನೆಸ್, ಹಗ್ಗ, ಹಗ್ಗ ಸಿಕ್ಕಿಸುವ ಲೋಹದ ಕೊಂಡಿಗಳಾದ ಕ್ಯಾರಾಬಿನರ್‌ಗಳನ್ನು ಶಿಬಿರದವರೇ ಕೊಡುತ್ತಾರೆ. ಮೊದಲ ಸಲಕ್ಕೆ ಏನನ್ನೂ ಕೊಳ್ಳಬೇಡಿ. ಮೊಣಕಾಲು ಸರಾಗವಾಗಿ ಮಡಿಚುವ ಪ್ಯಾಂಟು, ಹತ್ತಿಯ ಅಂಗಿ, ಎರಡು ಮೂರು ಲೀಟರ್ ನೀರು, ಟೋಪಿ, ಬೆರಳಿಗೆ ಸುತ್ತುವ ಅಂಟುಪಟ್ಟಿ ಸಾಕು. ಉಗುರು ಕತ್ತರಿಸಿಕೊಂಡು ಬನ್ನಿ. ಉಂಗುರ, ಬಳೆ, ಕೈಗಡಗಗಳನ್ನು ಕೋಣೆಯಲ್ಲೇ ಬಿಡಿ: ಬಿರುಕಿಗೆ ಸಿಕ್ಕಿದ ಉಂಗುರ ಬೆರಳಿನ ಚರ್ಮವನ್ನೇ ಸುಲಿದುಬಿಡಬಲ್ಲದು. ತಾಳಿ ತೆಗೆಯಲು ಮನಸ್ಸಿಲ್ಲದ ತಾಯಂದಿರು ಅದನ್ನು ಅಂಗಿಯ ಒಳಗೆ ಸೇರಿಸಿ ಪಿನ್ನು ಹಾಕಿಕೊಳ್ಳಲಿ. ಓಢಣಿ ಬೇಡ. ಉದ್ದ ಜಡೆಯನ್ನು ಮೇಲಕ್ಕೆ ಕಟ್ಟಿ ಹೆಲ್ಮೆಟ್‌ನೊಳಗೆ ಸೇರಿಸಬೇಕು, ಬಿಲೇ ಸಾಧನಕ್ಕೆ ಕೂದಲು ಸಿಕ್ಕಿಕೊಂಡರೆ ಬಿಡಿಸುವುದು ದೊಡ್ಡ ಯಾತನೆ. ಸುಗಂಧದ್ರವ್ಯ ಹಚ್ಚಿಕೊಳ್ಳಬೇಡಿ, ಕಾರಣ ಮುಂದಿದೆ.

ಬೆಳಗಿನ ತಿಂಡಿ ಹಗುರವಾಗಿರಲಿ. ಮಧ್ಯಾಹ್ನಕ್ಕೆ ಖಾನಾವಳಿಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಕಟ್ಟಿಸಿಕೊಂಡರೆ ಯಾವ ಶಕ್ತಿವರ್ಧಕ ಬಾರೂ ಬೇಕಿಲ್ಲ. ಬುತ್ತಿಯನ್ನು ಚೀಲದೊಳಗೆ ಭದ್ರಪಡಿಸಿ. ಬಾದಾಮಿಯ ಕೋತಿಗಳು ಪ್ಲಾಸ್ಟಿಕ್ ಚೀಲದ ಸದ್ದು ಕೇಳಿಯೇ ಬರುತ್ತವೆ.

ಶನಿವಾರ ಬೆಳಗ್ಗೆ: ಇನ್ನೂ ನೆಲದ ಮೇಲೆಯೇ

ಒಳ್ಳೆಯ ತರಬೇತುದಾರರು ಮೊದಲ ಎರಡು ತಾಸು ನಿಮ್ಮನ್ನು ಬಂಡೆ ಹತ್ತಿಸುವುದಿಲ್ಲ. ಬೇಸರ ಪಟ್ಟುಕೊಳ್ಳಬೇಡಿ.

ಮೊದಲು ಹೆಲ್ಮೆಟ್. ಅದು ಹಣೆಯನ್ನು ಮುಚ್ಚಿ ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಕೂರಬೇಕು. ತಲೆ ಅಲ್ಲಾಡಿಸಿದರೆ ಅದು ಜರುಗಬಾರದು. ಹತ್ತುವವರಷ್ಟೇ ಅಲ್ಲ, ಕೆಳಗೆ ನಿಂತವರೂ ಧರಿಸಬೇಕು. ಮೇಲಿನಿಂದ ಕಲ್ಲು ಬೀಳುವುದು ಕೆಳಗಿನವರ ತಲೆಯ ಮೇಲೆಯೇ ತಾನೆ.

ಹಾರ್ನೆಸ್‌ನ ಸೊಂಟಪಟ್ಟಿ ಸೊಂಟದ ಮೂಳೆಗಳಿಗಿಂತ ಮೇಲೆ ಬಿಗಿಯಾಗಿ ಕೂರಬೇಕು. ಎರಡೂ ಕೈಯಿಂದ ಕೆಳಕ್ಕೆ ಎಳೆದು ನೋಡಿ. ಜಾರಿದರೆ ಸಡಿಲವಿದೆ ಎಂದರ್ಥ. ತಲೆಕೆಳಗಾದರೂ ದೇಹ ಅದರಿಂದ ಕಳಚಬಾರದು. ಕೆಲವು ಹಾರ್ನೆಸ್‌ಗಳಲ್ಲಿ ಪಟ್ಟಿಯನ್ನು ಬಕಲಿನೊಳಗೆ ತೂರಿಸಿ ಮತ್ತೆ ಹಿಂದಕ್ಕೆ ಪೋಣಿಸಬೇಕಾಗುತ್ತದೆ, ಆ ಎರಡನೆಯ ಸುತ್ತು ಮರೆತರೆ ಭಾರ ಬಿದ್ದಾಗ ಪಟ್ಟಿ ಬಿಚ್ಚಿಕೊಳ್ಳುತ್ತದೆ. ನಿಮ್ಮದು ಯಾವ ಬಗೆಯದು ಎಂದು ಕೇಳಿ ತಿಳಿದುಕೊಳ್ಳಿ.

ಇನ್ನು ಗಂಟು. ಮೊದಲ ದಿನ ಕಲಿಯಬೇಕಾದದ್ದು ಒಂದೇ ಗಂಟು, ಎಂಟರ ಗಂಟು. ಹಗ್ಗದ ತುದಿಯಿಂದ ಸುಮಾರು ಒಂದು ಮೀಟರ್ ಬಿಟ್ಟು, ಇಂಗ್ಲಿಷ್ ಅಂಕಿ 8ರ ಆಕಾರದಲ್ಲಿ ಒಂದು ಒಂಟಿ ಗಂಟು ಹಾಕಿ. ತುದಿಯನ್ನು ಹಾರ್ನೆಸ್‌ನ ಮುಂಭಾಗದಲ್ಲಿ ಕಾಲಿನ ಪಟ್ಟಿಗಳನ್ನು ಜೋಡಿಸುವ ಕುಣಿಕೆ, ಸೊಂಟದ ಕುಣಿಕೆ ಎರಡರೊಳಗೂ ಕೆಳಗಿನಿಂದ ಮೇಲಕ್ಕೆ ತೂರಿಸಿ. ಆಮೇಲೆ ಮೊದಲಿನ 8ರ ಜಾಡನ್ನೇ ಹಿಡಿದು ತುದಿಯನ್ನು ಹಿಂದಕ್ಕೆ ಕರೆದೊಯ್ಯಿರಿ. ಮುಗಿದಾಗ ಗಂಟಿನಲ್ಲಿ ಜೋಡಿಜೋಡಿಯಾಗಿ, ಒಂದರ ಮೇಲೊಂದು ಹಾಯದೆ ಐದು ಜೋಡಿ ಎಳೆಗಳು ಕಾಣಬೇಕು. ನಾಲ್ಕೂ ಕಡೆಯಿಂದ ಎಳೆದು ಬಿಗಿಗೊಳಿಸಿ. ಉಳಿದ ತುದಿ ಕನಿಷ್ಠ ಒಂದು ಮುಷ್ಟಿಯಷ್ಟು ಉದ್ದ, ಅಂದರೆ 10 ಸೆಂ.ಮೀ.ಗಿಂತ ಹೆಚ್ಚು ಇರಲಿ. ಹೀಗೆ ಹಾಕಿ, ಬಿಚ್ಚಿ, ಮತ್ತೆ ಹಾಕಿ. ಮಾತಾಡುತ್ತ ಹಾಕಿ, ಕಣ್ಣು ಮುಚ್ಚಿ ಹಾಕಿ. ನಿಜವಾಗಿ ಹತ್ತುವ ಮುನ್ನ ಗಂಟು ಹಾಕುವಾಗ ಮಾತ್ರ ಯಾರೊಂದಿಗೂ ಮಾತಾಡಬೇಡಿ: ನುರಿತವರೂ ಅರ್ಧ ಗಂಟು ಹಾಕಿ ಮಾತಿಗೆ ತಿರುಗಿ, ಉಳಿದರ್ಧ ಮರೆತು ಬಿದ್ದ ಪ್ರಸಂಗಗಳು ಈ ಕ್ರೀಡೆಯಲ್ಲಿ ನಡೆದಿವೆ.

ಹಗ್ಗ ಹಿಡಿಯುವ ವಿದ್ಯೆ

ಈ ಭಾಗವನ್ನು ನಿಧಾನವಾಗಿ ಓದಿ. ಕಲಿಯುವವರಿಗೆ ಬಳಸುವ ವ್ಯವಸ್ಥೆಗೆ ಟಾಪ್ ರೋಪ್ ಎನ್ನುತ್ತಾರೆ. ಹಗ್ಗ ಬಂಡೆಯ ಮೇಲಿನ ಆಸರೆಯಾದ ಆಂಕರ್‌ನಲ್ಲಿ ಹಾಯ್ದು ಕೆಳಗೆ ಬಂದಿರುತ್ತದೆ. ಒಂದು ತುದಿ ಹತ್ತುವವರಿಗೆ, ಇನ್ನೊಂದು ಬಿಲೇ ಮಾಡುವವರಿಗೆ. ಆಂಕರ್ ಬಂಡೆಯಲ್ಲಿ ಕೊರೆದು ಕೂರಿಸಿದ ಒಂದೇ ಬೋಲ್ಟಿನ ಮೇಲೆ ನಿಂತಿರಬಾರದು, ಕನಿಷ್ಠ ಎರಡು ಇರಬೇಕು. ಒಂದು ಕೈಕೊಟ್ಟರೆ ಇನ್ನೊಂದು ಭಾರ ಹೊರಬೇಕು. ಅದನ್ನು ಕಟ್ಟುವುದು ತರಬೇತುದಾರರ ಕೆಲಸ, ನೀವು ನೋಡಿ ಕಲಿಯಿರಿ.

ಬಿಲೇ ಸಾಧನದ ಸೀಳಿನೊಳಗೆ ಹಗ್ಗದ ಮಡಿಕೆಯನ್ನು ತೂರಿಸಿ, ಹಾರ್ನೆಸ್‌ನ ಬಿಲೇ ಕುಣಿಕೆಯಲ್ಲಿರುವ ತಿರುಪಿನ ಕ್ಯಾರಾಬಿನರ್‌ಗೆ ಸಿಕ್ಕಿಸಿ, ತಿರುಪು ಬಿಗಿ ಮಾಡಿ. ಹತ್ತುವವರ ಕಡೆಯ ಎಳೆ ಮೇಲೆ, ನೀವು ಹಿಡಿಯುವ ಎಳೆ ಕೆಳಗೆ. ಈ ಕೆಳಗಿನದೇ ತಡೆಯ ಎಳೆ, ಅದನ್ನು ಹಿಡಿದಿರುವ ಕೈಯೇ ತಡೆಗೈ. ಬಲಗೈ ರೂಢಿಯವರಿಗೆ ಬಲಗೈಯೇ ತಡೆಗೈ. ಹತ್ತುವವರು ಒಂದು ಹೆಜ್ಜೆ ಏರಿದರೆ ಹಗ್ಗ ಸಡಿಲವಾಗುತ್ತದೆ. ಆಗ ಎಡಗೈಯಿಂದ ಮೇಲಿನ ಎಳೆಯನ್ನು ಕೆಳಕ್ಕೆ ಎಳೆಯುತ್ತ, ಬಲಗೈಯಿಂದ ಆ ಸಡಿಲನ್ನು ಸಾಧನದ ಮೂಲಕ ಹೊರಕ್ಕೆ ತೆಗೆಯಿರಿ. ಕೂಡಲೇ ಬಲಗೈಯನ್ನು ತೊಡೆಯ ಪಕ್ಕಕ್ಕೆ ಇಳಿಸಿ, ಹಗ್ಗ ಲಾಕ್ ಆಗುತ್ತದೆ. ಈಗ ಎಡಗೈಯನ್ನು ತಂದು ತಡೆಯ ಎಳೆಯನ್ನು ಬಲಗೈಗಿಂತ ಕೆಳಗೆ ಹಿಡಿಯಿರಿ. ಬಲಗೈಯನ್ನು ಹಗ್ಗದಿಂದ ಎತ್ತದೆ ಮೇಲಕ್ಕೆ ಜಾರಿಸಿ. ಎಡಗೈ ಮತ್ತೆ ತನ್ನ ಜಾಗಕ್ಕೆ ಹೋಗಲಿ. ಎಳೆ, ಇಳಿಸು, ಕೆಳಗೆ ಹಿಡಿ, ಜಾರಿಸು. ಬಾವಿಯಿಂದ ಕೊಡ ಸೇದಿದವರಿಗೆ ಇದರ ತತ್ವ ಹೊಸದಲ್ಲ: ಒಂದು ಕೈ ಗಟ್ಟಿಯಾಗಿ ಹಿಡಿದ ಮೇಲೆಯೇ ಇನ್ನೊಂದು ಕೈ ಜರುಗುತ್ತದೆ.

ತಡೆಗೈ ಹಗ್ಗವನ್ನು ಎಂದಿಗೂ ಬಿಡಬಾರದು. ಮೂಗಿನ ಮೇಲೆ ನೊಣ ಕೂತರೂ, ಜೇಬಿನಲ್ಲಿ ಮೊಬೈಲ್ ರಿಂಗಾದರೂ ಬಿಡಬಾರದು. ಈ ಅಭ್ಯಾಸ ಬೆರಳುಗಳಿಗೆ ಇಳಿಯುವವರೆಗೆ ನೆಲದ ಮೇಲೆ, ಒಬ್ಬರು ನಡೆಯುತ್ತ ಇನ್ನೊಬ್ಬರು ಹಗ್ಗ ಎಳೆಯುತ್ತ ಮಾಡಿ. ಬಂಡೆಯ ಬಳಿ ಮೊದಲು ಬಿಲೇ ಮಾಡುವಾಗ ಮೂರನೆಯವರೊಬ್ಬರು ನಿಮ್ಮ ಹಿಂದೆ ತಡೆಯ ಎಳೆಯನ್ನು ಹಿಡಿದಿರಬೇಕು. ತಾನಾಗಿ ಹಗ್ಗ ಕಚ್ಚಲು ನೆರವಾಗುವ ಗ್ರಿಗ್ರಿಯಂಥ ಸಾಧನ ಕೊಟ್ಟರೂ ಕೈ ಬಿಡುವ ಸ್ವಾತಂತ್ರ್ಯ ಸಿಗುವುದಿಲ್ಲ.

ಗೋಡೆಗೆ ಹತ್ತಿರ, ಆದರೆ ಹತ್ತುವವರ ನೇರ ಕೆಳಗಲ್ಲದೆ ಒಂದು ಪಕ್ಕಕ್ಕೆ ನಿಲ್ಲಿ, ಒಂದು ಕಾಲು ಮುಂದಿರಲಿ. ಮೇಲಿರುವವರು ನಿಮಗಿಂತ ತುಂಬಾ ಭಾರವಿದ್ದರೆ ಮೊದಲೇ ಹೇಳಿ, ತರಬೇತುದಾರರು ನಿಮ್ಮನ್ನು ನೆಲಕ್ಕೆ ಬಿಗಿದು ಕಟ್ಟುತ್ತಾರೆ. ನಿಮ್ಮ ಕಡೆಯ ಹಗ್ಗದ ತುದಿಗೆ ಒಂದು ದಪ್ಪ ಗಂಟು ಹಾಕಿರಬೇಕು: ಹಗ್ಗ ಗಿಡ್ಡವಾಗಿ, ಇಳಿಸುವಾಗ ತುದಿ ಸಾಧನದಿಂದ ಸರ‍್ರನೆ ಜಾರಿ ಆಗುವ ಅಪಘಾತಗಳನ್ನು ಆ ಒಂದು ಗಂಟು ತಡೆಯುತ್ತದೆ. ಹಗ್ಗವನ್ನು ನೆಲದ ಮೇಲೆ ಚೆಲ್ಲಬೇಡಿ, ತಾಡಪಾಲಿನ ಮೇಲೆ ಇಡಿ. ಬಾದಾಮಿಯ ಕೆಂಪು ಮರಳು ಹಗ್ಗದ ಎಳೆಗಳ ಒಳಕ್ಕೆ ಸೇರಿ ಅದನ್ನು ಒಳಗಿನಿಂದಲೇ ಸವೆಸುತ್ತದೆ. ಹಗ್ಗ ತುಳಿಯುವುದೂ ಅದೇ ಕಾರಣಕ್ಕೆ ನಿಷಿದ್ಧ.

ಹತ್ತುವ ಮುನ್ನ ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷಿಸಿ: ಬಕಲು, ಗಂಟು, ಸಾಧನ, ಕ್ಯಾರಾಬಿನರ್‌ನ ತಿರುಪು, ಹೆಲ್ಮೆಟ್. ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ. ಕೂಗುವ ಮಾತುಗಳನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಶಿಬಿರಗಳಲ್ಲಿ ‘ಟೇಕ್’ ಎಂದರೆ ಬಿಗಿ ಮಾಡು, ‘ಸ್ಲ್ಯಾಕ್’ ಎಂದರೆ ಸಡಿಲ ಕೊಡು, ‘ಲೋವರ್’ ಎಂದರೆ ಇಳಿಸು. ಕನ್ನಡದಲ್ಲೇ ಕೂಗಿದರೂ ಸರಿ, ಇಬ್ಬರಿಗೂ ಒಂದೇ ಅರ್ಥವಾಗಬೇಕು. ಪಕ್ಕದಲ್ಲಿ ಬೇರೆ ತಂಡವಿದ್ದರೆ ಹೆಸರು ಹಿಡಿದು ಕೂಗಿ.

ಬಂಡೆಯ ಮೇಲೆ

ಮೊದಲ ದಿನಕ್ಕೆ ಫ್ರೆಂಚ್ ಶ್ರೇಣಿಯ 4, 5ರ ಮಾರ್ಗಗಳು ಸಾಕು. ಹೊಸಬರು ಕೈಯಿಂದ ಹತ್ತಲು ಹೋಗುತ್ತಾರೆ, ಹತ್ತು ನಿಮಿಷದಲ್ಲಿ ಮುಂಗೈ ಕಲ್ಲಿನಂತೆ ಬಿಗಿಯುತ್ತದೆ. ದೇಹವನ್ನು ಮೇಲೆತ್ತುವುದು ಕಾಲಿನ ಕೆಲಸ. ಪಾದ ಇಡುವ ಜಾಗವನ್ನು ಇಡುವ ತನಕ ನೋಡುತ್ತಿರಿ. ಅರ್ಧಕ್ಕೆ ಕಣ್ಣು ಮೇಲೆತ್ತಬೇಡಿ. ಬಾದಾಮಿಯ ಬಂಡೆಯಲ್ಲಿ ಅಡ್ಡಡ್ಡ ಪದರಗಳು ಒಡೆದು ಮೂಡಿದ ಅಂಚುಗಳು ಧಾರಾಳವಾಗಿವೆ. ಅಂಚಿದ್ದರೆ ಹೆಬ್ಬೆರಳ ಬದಿಯನ್ನು ಇಡಿ, ಬರೀ ಇಳಿಜಾರಿದ್ದರೆ ಹಿಮ್ಮಡಿ ಇಳಿಸಿ ಬೂಟಿನ ರಬ್ಬರನ್ನು ಆದಷ್ಟು ಅಗಲವಾಗಿ ಒತ್ತಿ. ಒಣ ಮರಳುಗಲ್ಲಿನ ಹಿಡಿತ ನೀವು ಎಣಿಸಿದ್ದಕ್ಕಿಂತ ಹೆಚ್ಚು. ಅದನ್ನು ನಂಬಲು ಕಾಲಿಗೆ ಸ್ವಲ್ಪ ಹೊತ್ತು ಬೇಕು.

ನಿಂತಾಗ ತೋಳು ನೀಳವಾಗಿರಲಿ, ಮೂಳೆಗೆ ಭಾರ ಬೀಳಲಿ. ಸೊಂಟ ಗೋಡೆಗೆ ಹತ್ತಿರವಿರಲಿ. ಕೈ ಹಾಕುವ ಮುನ್ನ ಬಿರುಕನ್ನು ನೋಡಿ, ಒಳಗೆ ಚೇಳೋ ಹಾವೋ ಇರಬಹುದು. ತೆಳುವಾದ ಚಕ್ಕೆಯನ್ನು ಮೊದಲು ಬೆರಳಿನಿಂದ ತಟ್ಟಿ, ಟೊಳ್ಳು ಸದ್ದು ಬಂದರೆ ಅದನ್ನು ಹೊರಕ್ಕೆ ಎಳೆಯಬೇಡಿ. ಏನಾದರೂ ಕೆಳಗೆ ಬಿದ್ದರೆ, ಅದು ನೀರಿನ ಬಾಟಲಿಯಾದರೂ, ‘ಕಲ್ಲು!’ ಎಂದು ಜೋರಾಗಿ ಕೂಗಿ.

ಭಯವಾದರೆ ‘ಟೇಕ್’ ಎಂದು ಕೂಗಿ ಹಗ್ಗದ ಮೇಲೆ ಕುಳಿತುಬಿಡಿ. ಒಂದೆರಡು ಮೀಟರ್ ಎತ್ತರದಲ್ಲಿಯೇ ಬೇಕೆಂದು ಕೈಬಿಟ್ಟು ಹಗ್ಗ ತಡೆಯುವುದನ್ನು ಅನುಭವಿಸಿ ನೋಡುವುದು ಒಳ್ಳೆಯದು; ಆರೋಹಣದ ಹಗ್ಗ ಸ್ವಲ್ಪ ಹಿಗ್ಗುತ್ತದೆ, ಆ ಹಿಗ್ಗು ಜೀವಕ್ಕೆ ಹಿತ. ಇಳಿಯುವಾಗ ಹಿಂದಕ್ಕೆ ವಾಲಿ, ಕಾಲು ಅಗಲಿಸಿ, ಗೋಡೆಗೆ ಪಾದ ಒತ್ತಿ ನಡೆಯಿರಿ. ಬಂಡೆಯನ್ನು ತಬ್ಬಿಕೊಂಡರೆ ಮೊಣಕಾಲು ತರಚುತ್ತದೆ. ಇಳಿಸುವವರು ಎರಡೂ ಕೈಯಿಂದ ತಡೆಯ ಎಳೆ ಹಿಡಿದು, ಒಂದೇ ವೇಗದಲ್ಲಿ ಇಳಿಸಬೇಕು.

ಜೇನು ಮತ್ತು ಶಾಸನ

ಬಾದಾಮಿಯ ಚಾಚುಬಂಡೆಗಳ ಕೆಳಗೆ ಹೆಜ್ಜೇನು ಗೂಡು ಕಟ್ಟುತ್ತದೆ. ಶಿಬಿರದ ಅತಿ ದೊಡ್ಡ ಅಪಾಯ ಬಹುಶಃ ಇದೇ. ಹೋದೊಡನೆ ಸುತ್ತ ಕಣ್ಣಾಡಿಸಿ, ಊರಿನ ಕುರಿಗಾಹಿಗಳನ್ನು ಕೇಳಿ. ಅವರಿಗೆ ಯಾವ ಬಂಡೆಯಲ್ಲಿ ಈಗ ಗೂಡಿದೆ ಎಂದು ಗೊತ್ತಿರುತ್ತದೆ. ಗೂಡಿರುವ ಮುಖದ ಹತ್ತಿರ ಹೊಗೆ, ಕಿರುಚಾಟ, ಸುಗಂಧ ಬೇಡ. ಜೇನು ಎದ್ದರೆ ಮೇಲಿರುವವರನ್ನು ಮೊದಲು ಬೇಗ ಇಳಿಸಿ, ಮುಖ ಮುಚ್ಚಿಕೊಂಡು ದೂರ ಓಡಿ. ಹಲವು ಕಡೆ ಕಚ್ಚಿದ್ದರೆ, ಉಸಿರಾಟ ಕಷ್ಟವಾದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಹಾಗೆಯೇ ಪ್ರಜ್ಞೆ ತಪ್ಪಿದವರು ಹಾರ್ನೆಸ್‌ನಲ್ಲಿ ಅಲುಗಾಡದೆ ಜೋತು ಬಿದ್ದಿದ್ದರೆ ಅದು ಕೆಲವೇ ನಿಮಿಷಗಳಲ್ಲಿ ಪ್ರಾಣಾಂತಕವಾಗಬಹುದು. ಅವರನ್ನು ನೆಲಕ್ಕೆ ತರುವುದೇ ಮೊದಲ ಕೆಲಸ.

ಇನ್ನೊಂದು ವಿಷಯದಲ್ಲಿ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಇದೇ ಕಲ್ಲಿನಲ್ಲಿ 6ನೇ ಶತಮಾನದಲ್ಲಿ ಚಾಲುಕ್ಯರು ಗುಹೆಗಳನ್ನು ಕೊರೆಸಿದರು. ಮೂರನೆಯ ಗುಹೆಯಲ್ಲಿ ಮಂಗಲೇಶ ಬರೆಸಿದ, ಕ್ರಿ.ಶ. 578ರ ಶಾಸನವಿದೆ. ಕೆರೆಯ ಈಶಾನ್ಯಕ್ಕೆ ಬಂಡೆಯ ಮೈಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ, ಕನ್ನಡದ ತ್ರಿಪದಿ ಮೊದಮೊದಲು ಕಾಣಿಸುವುದು ಅಲ್ಲಿ. ಗುಹೆ, ದೇವಾಲಯ, ಕೋಟೆ, ಶಾಸನಗಳಿರುವ ಬಂಡೆಗಳಿಗೆ (ಬೆವರು ಹೀರಲು ಹಚ್ಚಿಕೊಳ್ಳುವ) ಚಾಕ್ ಪುಡಿಯ ಕೈ ತಾಗಬಾರದು, ಬೋಲ್ಟ್ ಹೊಡೆಯಬಾರದು, ಬೂಟು ಉಜ್ಜಬಾರದು. ಪುರಾತತ್ವ ಇಲಾಖೆಯ ಕಾವಲುಗಾರರು ಬೇಡವೆಂದರೆ ವಾದಿಸದೆ ಹಿಂತಿರುಗಿ. ಏರಲು ಬೇರೆ ಬಂಡೆಗಳು ಬೇಕಾದಷ್ಟಿವೆ. ಸಂಜೆ ಹೊರಡುವಾಗ ಹಿಡಿಗಳ ಮೇಲಿನ ಚಾಕ್ ಗುರುತುಗಳನ್ನು ಮೃದು ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ಭಾನುವಾರ

ಎರಡನೆಯ ದಿನ ಬೆರಳ ತುದಿ ಉರಿಯುತ್ತಿರುತ್ತದೆ, ಮೈ ನೋಯುತ್ತಿರುತ್ತದೆ. ಹತ್ತುವುದು ಕಡಿಮೆಯಾಗಲಿ, ಬಿಲೇ ಹೆಚ್ಚಾಗಲಿ. ಇಂದು ಹಿಂದೆ ನಿಂತು ಹಗ್ಗ ಹಿಡಿಯುವ ಮೂರನೆಯವರಿಲ್ಲದೆ, ತರಬೇತುದಾರರ ಕಣ್ಣೆದುರು, ನೀವೊಬ್ಬರೇ ಒಬ್ಬರನ್ನು ಪೂರ್ತಿ ಹತ್ತಿಸಿ ಇಳಿಸಬೇಕು. ಅದು ಆಗದೆ ಶಿಬಿರ ಮುಗಿದರೆ ದುಡ್ಡು ಕೊಟ್ಟದ್ದರ ಅರ್ಧ ಮಾತ್ರ ಸಿಕ್ಕಿತು ಎಂದು ತಿಳಿಯಿರಿ.

ಹಲವು ಶಿಬಿರಗಳು ಭಾನುವಾರವಿಡೀ ರ‍್ಯಾಪಲಿಂಗ್‌ಗೆ, ಅಂದರೆ ಹಗ್ಗ ಹಿಡಿದು ತಾವೇ ಇಳಿಯುವುದಕ್ಕೆ ಮೀಸಲಿಡುತ್ತವೆ. ಫೋಟೊ ಚೆನ್ನಾಗಿ ಬರುತ್ತದೆ ನಿಜ. ಆದರೆ ಅದರಲ್ಲಿ ಕಲಿಯುವುದು ಕಡಿಮೆ, ಅಪಾಯ ಹೆಚ್ಚು. ತಪ್ಪನ್ನು ಹಿಡಿಯುವ ಎರಡನೆಯ ಕೈ ಅಲ್ಲಿ ಇರುವುದಿಲ್ಲ. ಮಾಡುವುದಾದರೆ ತರಬೇತುದಾರರ ಕೈಯಲ್ಲಿರುವ ಪ್ರತ್ಯೇಕ ರಕ್ಷಣಾ ಹಗ್ಗ ನಿಮಗೆ ಕಟ್ಟಿರಲೇಬೇಕು. ಒಂದು ಸಲ ಮಾಡಿ ನೋಡಿ, ಉಳಿದ ಹೊತ್ತನ್ನು ಬಂಡೆಯ ಬುಡದಲ್ಲಿ ಕಳೆಯಿರಿ.

ಊರಿಗೆ ಮರಳಿದ ಮೇಲೆ ಎರಡು ಮೀಟರ್ ಹಗ್ಗ ಕೊಂಡು ದಿನವೂ ಎಂಟರ ಗಂಟು ಹಾಕಿ. ಹವ್ಯಾಸ ಮುಂದುವರಿಯುವುದು ಖಚಿತವಾದರೆ ಮೊದಲು ಬೂಟು, ಆಮೇಲೆ ಹಾರ್ನೆಸ್ ಕೊಳ್ಳಿ. ಹಾರ್ನೆಸ್, ಹಗ್ಗಗಳ ಮೇಲೆ ಸಿಇ ಅಥವಾ ಯುಐಎಎ ಎಂಬ ಸುರಕ್ಷತಾ ಮಾನದಂಡದ ಗುರುತು ಇರಬೇಕು. ಬೇರೆಯವರು ಬಳಸಿದ ಹಗ್ಗ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ, ಅದು ಏನೇನು ಅನುಭವಿಸಿದೆಯೆಂದು ಹೊರಗಿನಿಂದ ಕಾಣುವುದಿಲ್ಲ. ಶಿಬಿರದ ಇಬ್ಬರು ಗೆಳೆಯರು ಸೇರಿ ನೀವೇ ಆಂಕರ್ ಕಟ್ಟಿ ಹತ್ತಲು ಹೊರಡಬೇಡಿ. ಹಗ್ಗವನ್ನು ಕೆಳಗಿನಿಂದ ಒಯ್ಯುತ್ತ, ಬೋಲ್ಟಿನಿಂದ ಬೋಲ್ಟಿಗೆ ಸಿಕ್ಕಿಸುತ್ತ ಏರುವ ಲೀಡ್ ಕ್ಲೈಂಬಿಂಗ್‌ಗೆ ಬೇರೆಯದೇ ತರಬೇತಿ ಬೇಕು, ಅದರ ಬಿಲೇ ಕೂಡ ಬೇರೆಯದೇ ವಿದ್ಯೆ. ಟಾಪ್ ರೋಪ್‌ನಲ್ಲಿ ಯಾರೂ ಎಚ್ಚರಿಸದೆಯೇ ನಿಮ್ಮ ತಡೆಗೈ ತನ್ನ ಜಾಗದಲ್ಲಿ ಉಳಿಯುವಂತಾದಾಗ ಆ ಲೀಡ್ ತರಬೇತಿಗೆ ಹೆಸರು ನೋಂದಾಯಿಸಿ.